ಕಾಗದ ಬರೆದ್ರೆ ನೇಣು ನಿಲ್ಲುತ್ತಾ?

ನಿಲ್ಲಲ್ಲ. ಆಯ್ತಾ?

ಮರಣದಂಡನೆ ಬೇಡ ಎಂದು ಊರಲ್ಲದ ಊರಿನ ಅಧ್ಯಕ್ಷರಿಗೆಲ್ಲ ಕಾಗದ ಬರೆಯುವವಳು ನಾನು. 'ಘನತೆವೆತ್ತ', 'ದಯವಿಟ್ಟು', 'ವಿನಮ್ರವಾಗಿ' ಎಲ್ಲ ಅಲ್ಲೇ ಖರ್ಚಾಗುತ್ತವೆ. ನಿಮಗೆ ಅಂತ ಏನೂ ಉಳಿದಿಲ್ಲ.

ಹೋದ ತಿಂಗಳು ಒಂದು ಗೃಹಪ್ರವೇಶದಲ್ಲಿ ಪಕ್ಕದ ಎಲೆಯವರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಪಾಲಾರ್‌ನಲ್ಲಿ ಸತ್ತ 22 ಜನಕ್ಕೆ ಯಾರಮ್ಮ ಕಾಗದ ಬರೆದ್ರು?" ಅಂದರು. 1993ರಲ್ಲಿ ವೀರಪ್ಪನ್ ಕಡೆಯವರು ಇಟ್ಟ ನೆಲಬಾಂಬ್. ಆ ಕೇಸಿನ ನಾಲ್ವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ನೇಣಿಗೆ ಕಾದಿದ್ದರು. 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. ಕ್ಷಮಾದಾನದ ಅರ್ಜಿಯನ್ನು ವರ್ಷಗಟ್ಟಲೆ ಕೊಳೆಹಾಕಿದ್ದರು ಅಂತ. ನಮ್ಮ ಕಾಗದದಿಂದಲ್ಲ ಮಾರಾಯ್ರೇ.

ಸತ್ತವರ ಮನೆಯವರು ಈ ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ. ಎರಡನೇ ಒಬ್ಬಟ್ಟಿಗೆ ಕೈ ಚಾಚುತ್ತಾ ಕೇಳಬೇಡಿ.

ಯಾರಿಗಾಗಿ ಬರೆದೆ ಅಂತ ಮಾತ್ರ ಒಬ್ಬರೂ ಕೇಳಲ್ಲ. ನಾಗೇಂದ್ರನ್ ಧರ್ಮಲಿಂಗಂಗಾಗಿ. ಮಲೇಷ್ಯಾದ ಹುಡುಗ. 2009ರಲ್ಲಿ ತೊಡೆಗೆ 42.72 ಗ್ರಾಂ ಹೆರಾಯಿನ್ ಕಟ್ಟಿಕೊಂಡು ಸಿಂಗಪುರದ ಗಡಿಯಲ್ಲಿ ಸಿಕ್ಕಿಬಿದ್ದ. ಅಲ್ಲಿ 15 ಗ್ರಾಂ ದಾಟಿದರೆ ಕಾನೂನು ಹೇಳುವುದು ನೇಣು. ಅವನ ಬುದ್ಧಿಮಟ್ಟ (ಐಕ್ಯೂ) 69, ಸಾಮಾನ್ಯಕ್ಕಿಂತ ಬಹಳ ಕಡಿಮೆ ಎಂದು ಡಾಕ್ಟರೊಬ್ಬರು ಅಳೆದಿದ್ದರು. ವಿಶ್ವಸಂಸ್ಥೆಯ ತಜ್ಞರು, ಯುರೋಪಿಯನ್ ಒಕ್ಕೂಟ, ಮಲೇಷ್ಯಾದ ಪ್ರಧಾನಿ, ಎಲ್ಲರೂ ಬೇಡಿಕೊಂಡರು. 2021ರ ನವೆಂಬರ್‌ನಲ್ಲಿ ನೇಣು ನಿಂತಿತು ಕೂಡ. ಯಾಕೆ ಗೊತ್ತಾ? ಅವನಿಗೆ ಕೋವಿಡ್ ಬಂದಿತ್ತು! ಜ್ವರ ಇರುವವನನ್ನು ನೇಣಿಗೆ ಹಾಕುವುದು ಸರಿಯಲ್ಲವಂತೆ.

ವಾಸಿಯಾಯಿತು. 2022ರ ಏಪ್ರಿಲ್ 26ರಂದು ಅವನ ತಾಯಿಯ ಕೊನೆಯ ಅರ್ಜಿ ಬಿದ್ದುಹೋಯಿತು. ಕೋರ್ಟಿನ ಗಾಜಿನ ಸಂದಿಯಲ್ಲಿ ಮನೆಯವರು ಅವನ ಕೈ ಹಿಡಿದುಕೊಂಡರು. ಅವನು 'ಮಾ' ಎಂದು ಕೂಗಿದ್ದು ಕೋರ್ಟಿಗೆಲ್ಲ ಕೇಳಿಸಿತಂತೆ. ಮರುದಿನ ಬೆಳಗ್ಗೆ ಮುಗಿಸಿದರು.

ಅವನಿಗಾಗಿ ಬರೆದ ಕಾಗದವನ್ನು ಪೋಸ್ಟಾಫೀಸಿಗೆ ಒಯ್ದಿದ್ದು ನೆನಪಿದೆ. ಕೌಂಟರಿನಾಕೆ ಅದನ್ನು ತಕ್ಕಡಿ ಮೇಲಿಟ್ಟರು. 14 ಗ್ರಾಂ. ವಿಳಾಸ ನೋಡಿ, "ಸಿಂಗಪುರಾನಾ? ಮಗ ಇದ್ದಾನಾ ಅಲ್ಲಿ?" ಎಂದರು.

ಹೂಂ ಅಂದುಬಿಟ್ಟೆ.