ನಳದಲ್ಲಿ ಕರೆಂಟ್

ಅವ್ವ ಒಂದು ವಾರದಿಂದ ಹಿತ್ತಲ ನಳದ ಹತ್ತಿರ ಹೋಗುವಾಗ ಹವಾಯಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ನಾನು ನೋಡಿದ್ದೆ, ಕೇಳಿರಲಿಲ್ಲ. ಏಪ್ರಿಲ್ ತಿಂಗಳ ರಾಯಚೂರು, ಹಿತ್ತಲ ಬಂಡೆ ಕಾಲು ಸುಡುತ್ತದೆ, ಅದಕ್ಕೇ ಇರಬೇಕು ಅಂದುಕೊಂಡೆ. ಒಂದು ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆಯಲು ನಾನೇ ಕೂತೆ. ಬರಿಗಾಲು, ಒದ್ದೆ ನೆಲ. ನಳ ತಿರುಗಿಸಿದ್ದೇ ತಡ, ಮೊಣಕೈವರೆಗೂ ಝುಂ ಅಂತು. ಕೈಯಲ್ಲಿದ್ದ ತಂಬಿಗೆ ಅಷ್ಟು ದೂರ ಹೋಗಿ ಬಿತ್ತು.

"ಹೂಂ, ಹಂಗ ಮಾಡತೈತಿ ಅದು," ಅಂದಳು ಅವ್ವ ಅಡುಗೆಮನೆಯಿಂದ. "ಚಪ್ಪಲಿ ಹಾಕ್ಕೊಂಡು ಹೋಗು, ಹೊಡಿಯಂಗಿಲ್ಲ."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹತ್ತನೇ ಕ್ಲಾಸಿಗೆ ಪ್ರತಿ ವರ್ಷ ಬೋರ್ಡ್ ಮೇಲೆ ಮೂರು ಗೆರೆ ಎಳೆಯುತ್ತೇನೆ. ಕೆಂಪು ಅಂದರೆ ಫೇಸ್, ಕರೆಂಟು ಬರುವ ತಂತಿ; ಕಪ್ಪು ಅಂದರೆ ನ್ಯೂಟ್ರಲ್, ವಾಪಸ್ ಹೋಗುವ ತಂತಿ; ಮೂರನೆಯದು ಹಸಿರು. "ಹಸಿರು ತಂತಿ ಎಲ್ಲಿಗೆ ಹೋಗ್ತದ?" ಅಂತ ಕೇಳಿದರೆ ಮಕ್ಕಳೆಲ್ಲ ಒಟ್ಟಿಗೆ "ಭೂಮಿಗೆ ಮಿಸ್" ಅಂತಾರೆ. ನಮ್ಮ ಮನೆಯ ಹಸಿರು ತಂತಿ ಎಲ್ಲಿಗೆ ಹೋಗುತ್ತದೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಟೆಸ್ಟರ್ ತಂದು ನಳಕ್ಕೆ ಹಿಡಿದೆ. ದೀಪ ಹತ್ತಿತು. ಅವ್ವನನ್ನು ಆ ಕಡೆ ಬರಬೇಡ ಅಂದು, ಮನೆಯ ಪ್ಲಗ್‌ಗಳನ್ನು ಒಂದೊಂದಾಗಿ ಕಿತ್ತೆ. ಫ್ರಿಜ್ ತೆಗೆದೆ, ಹತ್ತಿಯೇ ಇತ್ತು. ಟಿವಿ, ಮಿಕ್ಸರ್, ಇನ್ವರ್ಟರ್, ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ನಡುಮನೆಯ ತಗಡಿನ ಕೂಲರ್ ಪ್ಲಗ್ ತೆಗೆದಾಗ ಆರಿತು. ಮತ್ತೆ ಹಾಕಿದೆ, ಹತ್ತಿತು. ಕೂಲರ್ ನಡುಮನೆಯಲ್ಲಿ, ನಳ ಹಿತ್ತಲಲ್ಲಿ. ಎತ್ತಣ ಸಂಬಂಧ? ತಮಾಷೆ ಅಂದರೆ, ಕೂಲರ್ ಮೈಗೆ ಟೆಸ್ಟರ್ ಹಿಡಿಯುವ ಬುದ್ಧಿ ನನಗೆ ಆಗ ಬರಲೇ ಇಲ್ಲ.

ನಮ್ಮ ಓಣಿಯ ವೈರ್‌ಮನ್ ಚಾಚಾ ಸಂಜೆ ಬಂದರು. ನಾನು ಫ್ರಾಕ್ ಹಾಕಿಕೊಂಡು ಓಡಾಡುವಾಗಿನಿಂದ ನೋಡಿದವರು. ಮೀಟರ್ ಬೋರ್ಡಿನ ಕೆಳಗಿಂದ ಬಂದ ಬರಿ ತಂತಿಯ ಜಾಡು ಹಿಡಿದು ಗೋಡೆಗುಂಟ ಹೋದರು. ಬಚ್ಚಲಮನೆ ಹಿಂದೆ ನಿಂತು ನನ್ನನ್ನು ಕರೆದರು. ಆ ತಂತಿ ಹಳೇ ಕಬ್ಬಿಣದ ನೀರಿನ ಪೈಪಿಗೆ ನಾಲ್ಕು ಸುತ್ತು ಸುತ್ತಿಕೊಂಡಿತ್ತು, ಅಷ್ಟೇ. ಗುಂಡಿ ಇಲ್ಲ, ಪ್ಲೇಟ್ ಇಲ್ಲ, ಏನೂ ಇಲ್ಲ.

"ಇದೇ ನಿಮ್ಮನಿ ಅರ್ತ್ ನೋಡವ್ವಾ." ಅರ್ತ್ ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ದಾರಿ.

ಅಪ್ಪ ಈ ಮನೆ ಕಟ್ಟಿಸಿದ್ದು ಶಕ್ತಿನಗರದ ಥರ್ಮಲ್ ಪ್ಲಾಂಟಿನ ಮೊದಲ ಘಟಕ ಶುರುವಾದ 1985ರ ಸುಮಾರಿಗೆ. ಆಗ ಬೀದಿಯಿಂದ ಬಚ್ಚಲಿನವರೆಗೂ ಜಿಐ ಪೈಪೇ, ಅಂದರೆ ಸತುವಿನ ಲೇಪ ಇರುವ ಕಬ್ಬಿಣದ ಪೈಪು. ನೆಲದಲ್ಲಿ ಅಷ್ಟುದ್ದ ಹೂತ ಕಬ್ಬಿಣಕ್ಕೆ ತಂತಿ ಸುತ್ತಿದರೆ ಹೆಂಗೋ ನಡೆಯುತ್ತಿತ್ತು. ಎರಡು ವರ್ಷದ ಹಿಂದೆ ಪೈಪ್ ತುಕ್ಕು ಹಿಡಿದು ಸೋರಿತು ಅಂತ ಬೀದಿಯಿಂದ ಗೋಡೆವರೆಗೆ ಪ್ಲಾಸ್ಟಿಕ್ ಪೈಪ್ ಹಾಕಿಸಿದೆ. ನಾನೇ ನಿಂತು ಹಾಕಿಸಿದ್ದು. ಅವತ್ತು ನೀರು ಸೋರುವುದು ನಿಂತಿತು, ಮನೆಯ ಅರ್ತ್ ಕೂಡ ಹೋಯಿತು. ಪ್ಲಂಬರ್‌ಗೆ ತಂತಿಯ ವಿಷಯ ಗೊತ್ತಿಲ್ಲ, ವೈರ್‌ಮನ್‌ಗೆ ಪೈಪಿನ ವಿಷಯ ಗೊತ್ತಿಲ್ಲ, ಎರಡೂ ಗೊತ್ತಿರಬೇಕಾದ ಟೀಚರಮ್ಮ ಪ್ಲಂಬರ್‌ಗೆ ಚಹಾ ಕೊಡುತ್ತಿದ್ದಳು.

ಕೂಲರಿನ ಪುಟ್ಟ ನೀರಿನ ಪಂಪ್ ಒಳಗೆ ಸುಟ್ಟು ತಗಡಿಗೆ ಕರೆಂಟ್ ಸೋರುತ್ತಿತ್ತು. ಕೂಲರಿನ ಅರ್ತ್ ಪಿನ್ ತನ್ನ ಕೆಲಸ ನೀಟಾಗಿ ಮಾಡಿತ್ತು. ಸೋರಿದ ಕರೆಂಟನ್ನು ಹಸಿರು ತಂತಿಗೆ ಕೊಟ್ಟಿತು. ಹಸಿರು ತಂತಿ ಪೈಪಿಗೆ ಕೊಟ್ಟಿತು. ಪೈಪಿನಿಂದ ಮುಂದೆ ಹೋಗಲು ಕರೆಂಟಿಗೆ ದಾರಿಯೇ ಇಲ್ಲ, ನಳದ ಬಾಯಲ್ಲಿ ಕಾಯುತ್ತಾ ಕೂತಿತ್ತು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮುಟ್ಟಿದವರೇ ಅದಕ್ಕೆ ದಾರಿ. ಚಾಚಾ ಮೀಟರ್ ಹಿಡಿದಾಗ ನಳಕ್ಕೂ ಒದ್ದೆ ನೆಲಕ್ಕೂ ನಡುವೆ 90 ವೋಲ್ಟ್ ತೋರಿಸಿತು.

ಅಷ್ಟೇ ಅಲ್ಲ. ಅವ್ವ ಬಟ್ಟೆ ಒಣಹಾಕುವ ತಂತಿಯ ಒಂದು ತುದಿ ಅದೇ ಪೈಪಿಗೆ ಕಟ್ಟಿತ್ತು. ಒದ್ದೆ ಸೀರೆ, ಕಬ್ಬಿಣದ ತಂತಿ. ಅದನ್ನು ನೋಡಿ ಚಾಚಾ ಮಾತಾಡಲಿಲ್ಲ, ಕಟಿಂಗ್ ಪ್ಲೇಯರ್ ತೆಗೆದು ಕತ್ತರಿಸಿ ಹಾಕಿದರು. ಈಗ ಅಲ್ಲಿ ನೈಲಾನ್ ಹಗ್ಗ ಇದೆ.

ಮರುದಿನದಿಂದ ಗುಂಡಿ ಕೆಲಸ. ನಮ್ಮದು ಎರೆ ಮಣ್ಣು. ಮಳೆಗಾಲದಲ್ಲಿ ಕರೆಂಟಿಗೆ ಇದಕ್ಕಿಂತ ಒಳ್ಳೆ ನೆಲ ಇಲ್ಲ. ಬೇಸಿಗೆಯಲ್ಲಿ ಮಾತ್ರ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಣ್ಣು ಪೈಪನ್ನು ಬಿಟ್ಟು ಸರಿಯುತ್ತದೆ. ಆಳಕ್ಕೆ ಹೋಗದೆ ಮೇಲುಮೇಲೆ ಹೂತ ಅರ್ತ್ ಆಗ ಹೆಸರಿಗಷ್ಟೇ. ಗೋಡೆಯಿಂದ ಐದು ಅಡಿ ದೂರ ಬಿಟ್ಟು ಆಳು ಹಾರೆ ಹಿಡಿದು ಅಗೆದ. ಮೊದಲ ಮೂರು ಅಡಿ ಕಲ್ಲಿನಂತಿತ್ತು. ಐದು ಅಡಿ ದಾಟಿದ ಮೇಲೆ ಮಣ್ಣು ಕಪ್ಪಗೆ, ತಣ್ಣಗೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತಿತ್ತು. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು, ಒಳಗೆ ಆ ತಂಪು. ಗುಂಡಿ ಒಳಗೆ ಇಳಿದು ಕೂತುಬಿಡೋಣ ಅನ್ನಿಸಿತು.

ಎರಡೂವರೆ ಮೀಟರ್ ಉದ್ದದ ಜಿಐ ಪೈಪು, ಮೈತುಂಬಾ ತೂತು. ಸುತ್ತ ಇದ್ದಿಲು, ಹರಳುಪ್ಪು ತುಂಬುವುದು ಹಳೇ ಪದ್ಧತಿ. ಉಪ್ಪು ತೇವ ಹಿಡಿಯುತ್ತದೆ ನಿಜ, ಆದರೆ ಕಬ್ಬಿಣವನ್ನು ತಿನ್ನುತ್ತದೆ, ಮಳೆಗೆ ಕರಗಿಯೂ ಹೋಗುತ್ತದೆ. ತೀನ್ ಕಂದೀಲ್ ಹತ್ತಿರದ ಅಂಗಡಿಯಿಂದ ಬೆಂಟೊನೈಟ್ ಅನ್ನುವ, ತೇವ ಹಿಡಿದಿಡುವ ಜೇಡಿಮಣ್ಣಿನ ಪೌಡರಿನ ಚೀಲ ತಂದು ನೀರಿಗೆ ಕಲಸಿ ಸುರಿದೆವು. ದೋಸೆ ಹಿಟ್ಟಿನ ಹಾಗೆ ಇತ್ತು. ಅವ್ವ ನೋಡಿ, "ಭೂಮಿತಾಯಿಗೆ ಮಡ್ಲು ತುಂಬಿದಂಗ ಆತು ಬಿಡು," ಅಂದಳು.

ಚಾಚಾ ಹೋಲ್ಡರಿಗೆ 100 ವ್ಯಾಟ್ ಬಲ್ಬ್ ಸಿಕ್ಕಿಸಿ ಫೇಸ್‌ಗೂ ಹೊಸ ಅರ್ತ್‌ಗೂ ಹಿಡಿದರು. ಫುಲ್ ಉರಿಯಿತು. ನನಗೆ ಖುಷಿಯೋ ಖುಷಿ. ಅವರಿಗೆ ಆಗಲಿಲ್ಲ. "ಬಲ್ಬ್ ಉರದ್ರ ಏನಾತು? ಅದಕ್ಕ ಅರ್ಧ ಆಂಪ್ ಸಾಕು," ಅಂದರು. ಅರ್ತ್ ಚೆನ್ನಾಗಿದ್ದರೆ ಸೋರಿದ ಕರೆಂಟು ಜೋರಾಗಿ ಹರಿದು ಫ್ಯೂಸ್ ಹಾರಿಸಬೇಕು. ರಾತ್ರಿ ಲೆಕ್ಕ ಹಾಕಿದೆ. ಬಲ್ಬಿನ ರೆಸಿಸ್ಟೆನ್ಸ್ ಸುಮಾರು 530 ಓಮ್. ಅರ್ತ್ 50 ಓಮ್ ಇದ್ದರೂ ಬಲ್ಬ್ ಹೆಚ್ಚುಕಮ್ಮಿ ಅಷ್ಟೇ ಬೆಳಗುತ್ತದೆ. ಆದರೆ ಆ 50 ಓಮ್‌ನಲ್ಲಿ 230 ವೋಲ್ಟಿಗೆ ಹರಿಯುವುದು ಐದು ಆಂಪ್ ಕೂಡ ಇಲ್ಲ, ಯಾವ ಫ್ಯೂಸೂ ಹೋಗಲ್ಲ. 10 ಓಮ್ ಅಂತಿಟ್ಟುಕೊಂಡರೂ 23 ಆಂಪ್. ಕರೆಂಟು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು, 16 ಆಂಪ್‌ನ ಎಂಸಿಬಿ, ಅದಕ್ಕೆ ತಕ್ಷಣ ಬೀಳಲ್ಲ, ನಿಮಿಷಗಟ್ಟಲೆ ಯೋಚನೆ ಮಾಡುತ್ತದೆ. ನಾಲ್ಕನೇ ದಿನ ಚಾಚಾ ಯಾರದೋ ಅರ್ತ್ ಟೆಸ್ಟರ್ ತಂದು ದೂರದಲ್ಲಿ ಎರಡು ಮೊಳೆ ಹೊಡೆದು ಅಳೆದರು. 3.8 ಓಮ್. ಆಗ ನಕ್ಕರು.

ಅಷ್ಟಾದರೂ ಆರ್‌ಸಿಸಿಬಿ ಬೇಕೇ ಬೇಕು ಅಂದರು. ಒಳಗೆ ಹೋದ ಕರೆಂಟು, ವಾಪಸ್ ಬಂದ ಕರೆಂಟು, ಎರಡರಲ್ಲಿ 30 ಮಿಲಿಆಂಪ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕತ್ತರಿಸುವ ಡಬ್ಬಿ ಅದು. ಹಾಕಿದ ದಿನ ರಾತ್ರಿಯೇ ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಡಬ್ಬಿಯೇ ಕೆಟ್ಟದ್ದು ಅಂತ ನಾನು ಬೈದೆ. ಅದು ಕೆಟ್ಟಿರಲಿಲ್ಲ. ಅಡುಗೆಮನೆ ಮಿಕ್ಸರ್ ಸಾಕೆಟ್ ಬಿಚ್ಚಿದರೆ ಹಿಂದೆ ಯಾರೋ ಪುಣ್ಯಾತ್ಮರು ಅರ್ತ್ ಪಿನ್ನನ್ನು ನ್ಯೂಟ್ರಲ್‌ಗೇ ಲಿಂಕ್ ಮಾಡಿದ್ದರು. ಹಸಿರು ವೈರ್ ಎಳೆಯಲು ಸೋಮಾರಿತನ. ಅಲ್ಲಿ ಸಿಕ್ಕಿಸಿದ್ದರ ಕಬ್ಬಿಣದ ಮೈ ನೆಲಕ್ಕೋ ಗೋಡೆಗೋ ತಾಗಿದಾಗ ವಾಪಸ್ ಹೋಗಬೇಕಾದ ಕರೆಂಟು ಸ್ವಲ್ಪ ಭೂಮಿಗೆ ಇಳಿಯುತ್ತಿತ್ತು, ಡಬ್ಬಿ ಅದನ್ನೇ ಹಿಡಿದಿತ್ತು. ಹೊರಗಿನ ನ್ಯೂಟ್ರಲ್ ಒಂದು ದಿನ ಕಡಿದರೆ ಆ ಸಾಕೆಟ್ಟಿಗೆ ಸಿಕ್ಕಿಸಿದ ಕಬ್ಬಿಣದ ವಸ್ತುವಿನ ಮೈಗೆಲ್ಲ ಫೇಸ್ ಬರುತ್ತಿತ್ತು.

ಕೊನೆಗೆ ಉಳಿದದ್ದು ಬಚ್ಚಲಿನ ಪೈಪು. ಗೀಸರಿಗೆ ಹೋಗುವ, ಬರುವ ಎರಡೂ ಜಿಐ ಪೈಪು ಹಾಗೇ ಇದ್ದವು. ಚಾಚಾ ಅವುಗಳ ಬಣ್ಣ, ತುಕ್ಕು ಎಲ್ಲ ಪಾಲಿಶ್ ಪೇಪರಿನಿಂದ ತಿಕ್ಕಿ ಬೆಳ್ಳಗೆ ಮಾಡಿದರು. ಕ್ಲ್ಯಾಂಪ್ ಬಿಗಿದು, 4 ಚದರ ಮಿಲಿಮೀಟರ್‌ನ ಹಸಿರು ವೈರಿನಲ್ಲಿ ಬೋರ್ಡಿನ ಅರ್ತ್ ಪಟ್ಟಿಗೆ ಕೂಡಿಸಿದರು. ಮತ್ತೆ ಪೈಪಿಗೆ ತಂತಿನಾ ಅಂತ ನಾನು ಹೌಹಾರಿದೆ.

"ಮೊದಲು ಪೈಪಿನ ಮ್ಯಾಲ ಭಾರ ಹಾಕಿದ್ರು. ಈಗ ಪೈಪನ್ನ ನಾವು ಹಿಡ್ಕೊಂಡೀವಿ," ಅಂದರು ಚಾಚಾ.

ನಾನು ಕ್ಲಾಸಿನಲ್ಲಿ ಅರ್ಧ ಗಂಟೆ ಹೇಳುವುದು ಅಷ್ಟೇ. ಗೀಸರಿನ ಮೈ, ಬಿಸಿನೀರಿನ ನಳ, ತಣ್ಣೀರಿನ ನಳ ಎಲ್ಲ ಒಂದೇ ವೋಲ್ಟೇಜಿನಲ್ಲಿದ್ದರೆ, ಒಂದು ಕೈಯಲ್ಲಿ ಇದನ್ನು ಇನ್ನೊಂದು ಕೈಯಲ್ಲಿ ಅದನ್ನು ಹಿಡಿದರೂ ನಮ್ಮ ಮೈಯೊಳಗೆ ಹರಿಯಲು ಕರೆಂಟಿಗೆ ಕಾರಣವೇ ಇರಲ್ಲ. ಹಿತ್ತಲ ನಳಕ್ಕೆ ಈಗ ಪೂರ್ತಿ ಪ್ಲಾಸ್ಟಿಕ್ ಪೈಪು, ಅದಕ್ಕೆ ಏನೂ ಕಟ್ಟಬೇಕಿಲ್ಲ. ಇದೆಲ್ಲ ನೀವೇ ಮಾಡಲು ಹೋಗಬೇಡಿ ಮತ್ತೆ, ಲೈಸೆನ್ಸ್ ಇರುವವರನ್ನು ಕರೆಯಿರಿ. ನಿಮ್ಮ ಮನೆಯ ಹಸಿರು ತಂತಿ ಎಲ್ಲಿ ಮುಗಿಯುತ್ತದೆ ಅಂತ ಮಾತ್ರ ಅವರ ಹಿಂದೆ ಹೋಗಿ ಕಣ್ಣಾರೆ ನೋಡಿ.

ಮೇ ತಿಂಗಳಲ್ಲಿ ಮತ್ತೆ ಅಳೆದಾಗ 6 ಓಮ್ ಆಗಿತ್ತು. ಗುಂಡಿಯ ಕೊಳವೆಗೆ ದಿನಾ ಒಂದು ಕೊಡ ನೀರು ಹಾಕುವ ಕೆಲಸ ಅವ್ವ ವಹಿಸಿಕೊಂಡಿದ್ದಾಳೆ. ನಳ ತಿರುಗಿಸಿ ಕೊಡ ತುಂಬಿಕೊಳ್ಳುತ್ತಾಳೆ. ಚಪ್ಪಲಿ ಮಾತ್ರ ಇನ್ನೂ ಬಿಟ್ಟಿಲ್ಲ.