ಹಿಮ್ಮಡಿ ಜೋಪಾನ
ಖಡಕ್‌ವಾಸ್ಲಾದ ಎನ್‌ಡಿಎ (ಮೂರೂ ಸೇನೆಗಳ ಅಧಿಕಾರಿಗಳಾಗುವವರ ತರಬೇತಿ ಅಕಾಡೆಮಿ) ಅಂದ್ರೆ 3 ವರ್ಷ, 6 ಟರ್ಮ್. ಆಮೇಲೆ ಭೂಸೇನೆಯವರಿಗೆ ಡೆಹ್ರಾಡೂನಿನಲ್ಲಿ ಇನ್ನೊಂದು ವರ್ಷ. ಇಷ್ಟು ಉದ್ದದ ದಾರಿಯಲ್ಲಿ ಹೊಸಬರಿಗೆ ಬೇಗ ಕೈಕೊಡೋದು ಹಿಮ್ಮಡಿ. ಹೊಸ ಬೂಟಿನ ಹಿಂಬದಿ ಗಟ್ಟಿ, ಬೆವರಿಗೆ ಚರ್ಮ ಮೆತ್ತಗಾಗಿರುತ್ತೆ. ಬೊಬ್ಬೆ ಏಳೋಕೆ ಕಾಲ್ಚೀಲದ ಒಂದು ಮಡಿಕೆ ಸಾಕು. ಬೂಟು ಹಾಕಿದ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಲೇಸ್ ಕಟ್ಟಿ: ಕಣಕಾಲಿನ ಹತ್ತಿರ ಬಿಗಿ, ಬೆರಳಿನ ಕಡೆ ಸ್ವಲ್ಪ ಸಡಿಲ. ಉರಿ ಶುರುವಾದ ಕೂಡಲೇ ಟೇಪ್ ಹಾಕಿ. ಬೊಬ್ಬೆ ಎದ್ದರೆ ಮೇಲಿನ ಚರ್ಮ ಕೀಳಬೇಡಿ.

ಮೊಣಕಾಲ ಕೆಳಗಿನ ಮೂಳೆಯಲ್ಲಿ ಒಂದೇ ಜಾಗ ಒತ್ತಿದರೆ ಚುಚ್ಚುತ್ತಾ? ಮಲಗಿದಾಗಲೂ ನೋವಾ? ಸಣ್ಣ ಬಿರುಕು ಇರಬಹುದು. ಮುಚ್ಚಿಟ್ಟು ಓಡಿದರೆ ಬಿರುಕು ಬೆಳೆದು ಟರ್ಮೇ ಕೈತಪ್ಪಬಹುದು. ಸಹಿಸೋದನ್ನು ಕಲಿಸುವ ಜಾಗದಲ್ಲಿ ‘ನೋಯ್ತಿದೆ’ ಅನ್ನೋಕೂ ಗುಂಡಿಗೆ ಬೇಕು ಅನ್ಸುತ್ತೆ. ಅವತ್ತೇ ಎಂಐ ರೂಮಿಗೆ, ಅಂದ್ರೆ ಅಲ್ಲಿನ ವೈದ್ಯಕೀಯ ತಪಾಸಣೆ ಕೋಣೆಗೆ, ಹೋಗಿ ತೋರಿಸಿ.