ಹಳೆಯ ಪಿಸ್ತೂಲು, ಜೇಬಿನ ಪಿಸ್ತೂಲುಗಳಿಗೆ ಕ್ಲಬ್ಬಿನಲ್ಲಿ ಸ್ಪರ್ಧೆ ಇಡುವುದು ಹೇಗೆ?

"ಕ್ಲಬ್ಬಿನಲ್ಲಿ ಕೆಲವರ ಬಳಿ ಹಳೆಯ ಕೋಲ್ಟ್, ವೆಬ್ಲಿ, ವಾಲ್ಥರ್ ಕಂಪನಿಗಳ ಪಿಸ್ತೂಲುಗಳಿವೆ. ಎಲ್ಲ ಕಪಾಟಿನಲ್ಲೇ ಕೂತಿವೆ. ಒಂದು ಸ್ನೇಹದ ಸ್ಪರ್ಧೆ ಇಡೋಣ ಅಂತಿದ್ದೇವೆ, ನಿಯಮ ಹೇಗಿರಬೇಕು?" ನಮಗೆ ಪದೇ ಪದೇ ಬರುವ ಪ್ರಶ್ನೆ ಇದು. ನಮ್ಮ ಉತ್ತರದ ತಿರುಳು ಇಷ್ಟೇ: ಈಗಿನ ಪಂದ್ಯಗಳ ನಿಯಮವನ್ನು ತಂದು ಹಳೆಯ ಪಿಸ್ತೂಲಿನ ಮೇಲೆ ಹೇರಬೇಡಿ. ಬರುವ ಪಿಸ್ತೂಲುಗಳಲ್ಲಿ ಎಲ್ಲಕ್ಕಿಂತ ಅಶಕ್ತವಾದದ್ದು ಯಾವುದೋ ಅದನ್ನು ಮುಂದಿಟ್ಟುಕೊಂಡು ಪಂದ್ಯ ಕಟ್ಟಿ.

ಹಾಗೆ ಕಟ್ಟಿದರೆ ಅರ್ಧ ನಿಯಮಗಳು ತಾವಾಗಿಯೇ ಹೊರಡುತ್ತವೆ. ಸ್ಮಿತ್ ಆ್ಯಂಡ್ ವೆಸನ್‌ನ ಹಳೆಯ ಜೇಬಿನ ರಿವಾಲ್ವರ್‌ಗಳಲ್ಲಿ ಹಿಡಿಸುವುದು ಐದೇ ಗುಂಡು. .25ರ (ಇದು ಇಂಚಿನಲ್ಲಿ ಗುಂಡಿನ ದಪ್ಪ) ಪುಟ್ಟ ಕೋಲ್ಟ್ 1908ರ ಮ್ಯಾಗಜಿನ್‌ನಲ್ಲಿ, ಅಂದರೆ ಹಿಡಿಯೊಳಗೆ ಸೇರಿಸುವ ಗುಂಡಿನ ಡಬ್ಬಿಯಲ್ಲಿ, ಆರು, .32ರ ವಾಲ್ಥರ್ ಪಿಪಿಕೆಯಲ್ಲಿ ಏಳು, .32ರ ಕೋಲ್ಟ್ 1903ರಲ್ಲಿ ಎಂಟು. ಆದ್ದರಿಂದ ಪ್ರತಿ ಸುತ್ತಿಗೂ ಐದೇ ಗುಂಡು. ಗಡಿಯಾರ ಓಡುತ್ತಿರುವಾಗ ಮ್ಯಾಗಜಿನ್ ಬದಲಿಸುವ ಸುತ್ತು ಬೇಡವೇ ಬೇಡ. ಯುರೋಪಿನ ಅನೇಕ ಹಳೆಯ ಪಿಸ್ತೂಲುಗಳಲ್ಲಿ ಮ್ಯಾಗಜಿನ್ ಬಿಡಿಸುವ ಕೊಂಡಿ ಹಿಡಿಯ ತಳದಲ್ಲಿರುತ್ತದೆ, ಬಿಡಿಸಲು ಎರಡೂ ಕೈ ಬೇಕು. ಹೋಲ್‌ಸ್ಟರ್‌ನಿಂದ (ಸೊಂಟದ ಚೀಲ) ಸೆಳೆದು ಹಾರಿಸುವುದೂ ಬೇಡ. ಕೈಯಿಂದ ಜಾರಿ ನೆಲಕ್ಕೆ ಬಿದ್ದರೆ ಫೈರಿಂಗ್ ಪಿನ್ (ಗುಂಡಿನ ಬುಡಕ್ಕೆ ಹೊಡೆದು ಹಾರಿಸುವ ಸೂಜಿ) ತಡೆಯುವ ವ್ಯವಸ್ಥೆ ಈ ಪೈಕಿ ಹೆಚ್ಚಿನವಕ್ಕೆ ಇಲ್ಲ. ಪ್ರತಿ ಸುತ್ತೂ ಪಿಸ್ತೂಲನ್ನು ಗುರಿಯ ಕಡೆಗೇ 45 ಡಿಗ್ರಿ ಕೆಳಗೆ ಹಿಡಿದ ಸ್ಥಿತಿಯಿಂದ ಶುರುವಾಗಲಿ.

ವಿಭಾಗ ಮೂರು ಸಾಕು. ಮೊದಲನೆಯದು ಜೇಬಿನ ಆಟೊಮ್ಯಾಟಿಕ್ (ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾನೇ ತುಂಬಿಕೊಳ್ಳುವ ಪಿಸ್ತೂಲು): .380 ಎಸಿಪಿವರೆಗಿನ (ಎಸಿಪಿ ಎಂದರೆ ಕೋಲ್ಟ್ ಆಟೊಮ್ಯಾಟಿಕ್‌ಗಳ ಗುಂಡಿನ ಜಾತಿ) ಗುಂಡು, ನಾಲ್ಕು ಇಂಚಿಗೆ ಮೀರದ ನಳಿಕೆ. ಎರಡನೆಯದು ಜೇಬಿನ ರಿವಾಲ್ವರ್. ಮೂರನೆಯದು ಸೇನೆಯ ಪಿಸ್ತೂಲು ಮತ್ತು ರಿವಾಲ್ವರ್: ಲ್ಯೂಗರ್, ಮೌಸರ್ ಸಿ96, ಕೋಲ್ಟ್ 1911, ವೆಬ್ಲಿ ಮಾರ್ಕ್ 6, ನಾಗಾನ್ 1895 ಇಂಥವು. "ಹಳೆಯದು" ಅನ್ನಲು 1945 ಗಡಿ ಇಟ್ಟರೆ ಒಳ್ಳೆಯದು. ಆದರೆ ತಯಾರಾದ ವರ್ಷ ನೋಡದೆ ವಿನ್ಯಾಸದ ವರ್ಷ ನೋಡಿ. ಪಿಪಿಕೆ ಬಂದದ್ದು 1931ರಲ್ಲಿ; ಅದೇ ವಿನ್ಯಾಸದ್ದು ಬಹಳ ವರ್ಷಗಳ ಮೇಲೆ ತಯಾರಾಗಿದ್ದರೂ ಬಿಡಿ, ಸೀರಿಯಲ್ ನಂಬರ್ ಹಿಡಿದು ವಾದ ಮಾಡುತ್ತ ಕೂರುವುದು ತಪ್ಪುತ್ತದೆ. ಹೊಸ ಸೈಟ್ (ಗುರಿ ಹಿಡಿಯುವ ಗುರುತು) ಕೂರಿಸಿದ್ದನ್ನು, ಟ್ರಿಗರ್ ತಿದ್ದಿಸಿದ್ದನ್ನು ಮಾತ್ರ ಒಪ್ಪಬೇಡಿ.

ಇನ್ನು ತಪಾಸಣೆ. ಇಡೀ ಪಂದ್ಯದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೇ. ಬಂದ ಪ್ರತಿ ಪಿಸ್ತೂಲನ್ನೂ, ಅದರ ಜೊತೆಗೆ ತಂದ ಗುಂಡಿನ ಪೆಟ್ಟಿಗೆಯನ್ನೂ ಒಟ್ಟಿಗೆ ಇಟ್ಟು ನೋಡಿ. ಚೇಂಬರ್‌ನಲ್ಲಿ (ಹಾರುವ ಮುಂಚೆ ಗುಂಡು ಕೂರುವ ಗೂಡು) ಕೂರುತ್ತದೆ ಅಂದಮಾತ್ರಕ್ಕೆ ಅದು ಆ ಪಿಸ್ತೂಲಿನ ಗುಂಡಲ್ಲ. .38 ಸೂಪರ್ ಗುಂಡು ಅಳತೆಯಲ್ಲಿ ಹಳೆಯ .38 ಎಸಿಪಿಯಷ್ಟೇ ಇದೆ, ಒತ್ತಡ ಮಾತ್ರ ಬಹಳ ಹೆಚ್ಚು, 1929ಕ್ಕೆ ಮುಂಚಿನ.38 ಕೋಲ್ಟ್‌ಗಳಿಗೆ ಅದನ್ನು ಹಾಕಿದರೆ ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲ್ಭಾಗ), ಫ್ರೇಮ್ (ಪಿಸ್ತೂಲಿನ ಮೈ) ಎರಡಕ್ಕೂ ಅಪಾಯ. ಮೌಸರ್ ಸಿ96ಕ್ಕೆ 7.62 ಟೊಕರೆವ್ ಗುಂಡು ಹಾಕುವುದೂ ಇದೇ ಜಾತಿಯ ತಪ್ಪು. ಇಟಲಿಯ ಗ್ಲಿಸೆಂಟಿ 1910ರ ಚೇಂಬರ್‌ಗೆ ಮಾಮೂಲಿ 9 ಎಂಎಂ ಗುಂಡು ಸಲೀಸಾಗಿ ಹೋಗುತ್ತದೆ, ಆದರೆ ಆ ಪಿಸ್ತೂಲು ಮಾಡಿದ್ದು ಅದಕ್ಕಿಂತ ಕಡಿಮೆ ಒತ್ತಡದ ಗುಂಡಿಗೆ. .455 ವೆಬ್ಲಿಯ ಸಿಲಿಂಡರ್ (ಗುಂಡು ತುಂಬುವ ತಿರುಗುವ ಉರುಳೆ) ಹಿಂಭಾಗ ಉಜ್ಜಿಸಿ .45 ಎಸಿಪಿ ಹಾಕುವಂತೆ ಮಾಡಿಸಿದ ರಿವಾಲ್ವರ್‌ಗಳು ಈಗಲೂ ಕೈಯಿಂದ ಕೈಗೆ ಓಡಾಡುತ್ತಿವೆ, ಅವಕ್ಕೆ ಫ್ಯಾಕ್ಟರಿಯ.45 ಎಸಿಪಿ ಬೇಡ. ಕಪ್ಪು ಮದ್ದಿನ ಕಾಲದ ರಿವಾಲ್ವರ್‌ಗೆ ಹೊಗೆರಹಿತ ಮದ್ದಿನ ಗುಂಡು ತಂದಿದ್ದರೆ ಅವರನ್ನು ಪ್ರೇಕ್ಷಕರ ಸಾಲಿನಲ್ಲಿ ಕೂರಿಸಿ, ಮುಲಾಜು ನೋಡಬೇಡಿ.

ಗುಂಡಿನ ವಿಷಯ ಮುಗಿದ ಮೇಲೆ ಪಿಸ್ತೂಲಿನ ಆರೋಗ್ಯ. ಸವೆದ ಸಿಯರ್ (ಟ್ರಿಗರ್ ಒತ್ತುವವರೆಗೆ ಹೊಡೆತವನ್ನು ತಡೆದಿಡುವ ಕೊಂಡಿ) ಇರುವ ಪಿಸ್ತೂಲು ಒಂದೇ ಟ್ರಿಗರ್‌ಗೆ ಎರಡು ಮೂರು ಗುಂಡು ಹಾರಿಸಿಬಿಡುತ್ತದೆ, ನಳಿಕೆ ಅಷ್ಟರಲ್ಲಿ ಮೇಲೆ ಎದ್ದಿರುತ್ತದೆ. ಅದಕ್ಕೇ ಪಂದ್ಯಕ್ಕೆ ಮುಂಚಿನ ತಾಲೀಮಿನ ಐದು ಗುಂಡನ್ನು ಒಂದೇ ಸಲ ತುಂಬಲು ಬಿಡಬೇಡಿ. ಮೊದಲು ಮ್ಯಾಗಜಿನ್‌ಗೆ ಒಂದು ಹಾಕಿ ಹಾರಿಸಲಿ, ಆಮೇಲೆ ಎರಡು, ಸರಿಯಿದ್ದರೆ ಮತ್ತೆರಡು. ಎರಡು ಹಾಕಿದಾಗ ಎರಡೂ ಒಟ್ಟಿಗೆ ಹಾರಿದರೆ ಆ ಪಿಸ್ತೂಲಿನ ಪಂದ್ಯ ಅಲ್ಲಿಗೇ ಮುಗಿಯಿತು. ರಿವಾಲ್ವರ್ ಆದರೆ ಹ್ಯಾಮರ್ (ಗುಂಡು ಹಾರಿಸಲು ಹೊಡೆಯುವ ಸುತ್ತಿಗೆ) ಎಳೆದು ಹಿಡಿದು ಸಿಲಿಂಡರ್ ಅಲ್ಲಾಡುತ್ತದೆಯೇ, ನಳಿಕೆಗೆ ನೇರ ಕೂರುತ್ತದೆಯೇ ನೋಡಿ. ನೇರ ಕೂರದಿದ್ದರೆ ಗುಂಡು ನಳಿಕೆಯ ಬಾಯಿಗೆ ಉಜ್ಜಿ ಸೀಸದ ಚೂರು ಪಕ್ಕದ ಲೇನಿನವರ ಮುಖಕ್ಕೆ ಬರುತ್ತದೆ. ಕನ್ನಡಕ, ಕಿವಿರಕ್ಷಕ ನೋಡಲು ಬಂದವರಿಗೂ ಕಡ್ಡಾಯ.

.32 ಎಸಿಪಿ ಪಿಸ್ತೂಲುಗಳಲ್ಲಿ ಬಹಳ ಕಾಡುವ ತೊಂದರೆಯೊಂದನ್ನು ಬಿಡಿಸಿ ಹೇಳಲೇಬೇಕು. ಈ ಗುಂಡಿನ ಬುಡದ ಅಂಚು ಅದರ ಮೈಗಿಂತ ಕೂದಲೆಳೆಯಷ್ಟು ಹೊರಗೆ ಚಾಚಿರುತ್ತದೆ. ಮ್ಯಾಗಜಿನ್ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಮುಂದೆ ಇರಬೇಕು. ಅದು ಹಿಂದಕ್ಕೆ ಜಾರಿದರೆ ಎರಡೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಸ್ಲೈಡ್ ಮುಂದಕ್ಕೆ ಬಂದರೂ ಗುಂಡು ಮೇಲೇಳದು. ಸ್ಲೈಡ್ ಎಷ್ಟು ಸಲ ಎಳೆದು ಬಿಟ್ಟರೂ ಬಿಡಿಸಲಾಗದು, ಮ್ಯಾಗಜಿನ್ ತೆಗೆದು ಗುಂಡುಗಳನ್ನು ಕೈಯಿಂದ ಬಿಡಿಸಬೇಕು. ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿಯಿರುವ) ಗುಂಡಿನ ಉದ್ದ ಕಡಿಮೆ, ಮ್ಯಾಗಜಿನ್ ಒಳಗೆ ಹಿಂದೆ ಮುಂದೆ ಓಡಾಡಲು ಜಾಗ ಸಿಗುತ್ತದೆ, ಅದರಿಂದಲೇ ಈ ಕಾಟ ಹೆಚ್ಚು. ಹಾಗಾಗಿ ಜೇಬಿನ ಆಟೊಮ್ಯಾಟಿಕ್ ವಿಭಾಗಕ್ಕೆ ದುಂಡು ಮೂತಿಯ, ಪೂರ್ತಿ ತಾಮ್ರದ ಕವಚವಿರುವ ಗುಂಡು ಎಂದು ಪ್ರಕಟಣೆಯಲ್ಲೇ ಬರೆದುಬಿಡಿ. ಈ ಪಿಸ್ತೂಲುಗಳು ಹುಟ್ಟಿದ್ದೇ ಆ ಗುಂಡಿಗೆ.

ಪಂದ್ಯದ ಕ್ರಮ ಸರಳವಾಗಿರಲಿ. ತಾಲೀಮು ಐದು ಗುಂಡು. ಆಮೇಲೆ ನಿಧಾನದ ಸುತ್ತು: 10 ಮೀಟರ್, ಐದು ನಿಮಿಷಕ್ಕೆ ಐದು ಗುಂಡು, ಇಂಥವು ನಾಲ್ಕು. ಕೊನೆಗೆ ವೇಗದ ಸುತ್ತು: 7 ಮೀಟರ್, 20 ಸೆಕೆಂಡಿಗೆ ಐದು ಗುಂಡು, ಇಂಥವು ಎರಡು. ಎಣಿಕೆಗೆ ಒಟ್ಟು 30 ಗುಂಡು, ಪೂರ್ಣಾಂಕ 300. ಗುಂಡಿಗೆ ನಾಲ್ಕು ಸೆಕೆಂಡು ಸಿಗುವುದರಿಂದ ರಿವಾಲ್ವರ್‌ನವರು ಪ್ರತಿ ಸಲ ಹ್ಯಾಮರ್ ಎಳೆದುಕೊಂಡು ಹಾರಿಸಬಹುದು, ಹ್ಯಾಮರನ್ನೂ ತಾನೇ ಎಳೆಯಬೇಕಾದ ಹಳೆಯ ಡಬಲ್ ಆ್ಯಕ್ಷನ್ ಟ್ರಿಗರ್‌ನ ಭಾರದಲ್ಲಿ ಒದ್ದಾಡಬೇಕಿಲ್ಲ. 50 ಗುಂಡಿನ ಒಂದು ಪೆಟ್ಟಿಗೆ ತಂದರೆ ಸಾಕು. ಮಿಕ್ಕ 15, ಕೆಟ್ಟ ಸುತ್ತನ್ನು ಮತ್ತೆ ಹಾರಿಸಲು. ಸೇನೆಯ ಪಿಸ್ತೂಲುಗಳಿಗೆ ಇದೇ ಕ್ರಮ, ದೂರ ಮಾತ್ರ 25 ಮತ್ತು 15 ಮೀಟರ್.

ಕಾಗದ ಐಎಸ್‌ಎಸ್‌ಎಫ್‌ನ (ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ) 25 ಮೀಟರ್ ಪ್ರಿಸಿಷನ್ ಟಾರ್ಗೆಟ್: ಹತ್ತರ ರಿಂಗ್ 50 ಎಂಎಂ, ಕಪ್ಪು ಭಾಗ 200 ಎಂಎಂ. ಹಳೆಯ ಪಿಸ್ತೂಲಿನ ಮುಂದಿನ ಸೈಟ್ ಅಕ್ಕಿಕಾಳಿನಷ್ಟಿರುತ್ತದೆ, ಕಪ್ಪಿನ ಮೇಲೆ ಇಟ್ಟರೆ ಕಾಣುವುದೇ ಇಲ್ಲ. ಕಪ್ಪಿನ ತಳಕ್ಕೆ ಗುರಿಯಿಡಲು ಹೇಳಿ. ಉಕ್ಕಿನ ತಟ್ಟೆಗಳ ಆಸೆ ಬಿಡಿ. .25, .32 ಗುಂಡಿಗೆ ತಟ್ಟೆ ಬೀಳಿಸುವ ಬಲವಿಲ್ಲ, ಹತ್ತಿರದ ದೂರದಲ್ಲಿ ಕವಚದ ಗುಂಡು ಮರಳಿ ಹಾರಿಸಿದವರ ಕಡೆಗೇ ಬರಬಹುದು.

ದೂರ ಬದಲಿಸುವಾಗ ಟಾರ್ಗೆಟ್ ಸ್ಟ್ಯಾಂಡ್‌ಗಳನ್ನು ಸರಿಸಿ, ಹಾರಿಸುವವರ ಗೆರೆ ಕದಲದಿರಲಿ. ಇದರಲ್ಲಿ ಒಂದು ಲೆಕ್ಕ ತಪ್ಪಿಹೋಗುತ್ತದೆ. ನಳಿಕೆ ನೆಲದಿಂದ 1.5 ಮೀಟರ್ ಎತ್ತರದಲ್ಲಿದ್ದು 7 ಮೀಟರ್ ದೂರದ ಟಾರ್ಗೆಟ್‌ನ ನಡುಬಿಂದು 1.2 ಮೀಟರ್‌ನಲ್ಲಿದ್ದರೆ ಗುಂಡು 35 ಮೀಟರ್ ಹತ್ತಿರ ನೆಲ ಮುಟ್ಟುತ್ತದೆ. ಹಿಂದಿನ ಮಣ್ಣಿನ ದಿಬ್ಬ 25 ಮೀಟರ್‌ನಲ್ಲಿದ್ದರೆ ಅಡ್ಡಿಯಿಲ್ಲ, 50ರಲ್ಲಿದ್ದರೆ ನೆಲಕ್ಕೆ ತಾಗಿ ಪುಟಿದು ದಿಬ್ಬ ದಾಟಬಹುದು. ಹತ್ತಿರದ ಸ್ಟ್ಯಾಂಡ್‌ಗಳನ್ನು ಎತ್ತರಿಸಿ, ನಡುಬಿಂದು 1.4 ಮೀಟರ್‌ಗಿಂತ ಕೆಳಗೆ ಬರದಂತೆ ಕಟ್ಟಿ.

ಐದು ಲೇನ್‌ಗೆ ಒಬ್ಬ ರೇಂಜ್ ಆಫೀಸರ್ ಇರಲಿ. ಅವರಿಗೆ ಒಂದು ಮಾತು ಮುಂಚೆಯೇ ಹೇಳಬೇಕು: ಸುತ್ತು ಮುಗಿದ ಮೇಲೆ "ಸ್ಲೈಡ್ ಮುಂದೆ, ಹ್ಯಾಮರ್ ಕೆಳಗೆ" ಎಂದು ಖಾಲಿ ಟ್ರಿಗರ್ ಒತ್ತಿಸುವ ಅಭ್ಯಾಸ ಇಲ್ಲಿ ನಡೆಯದು, ಹಳೆಯ ಫೈರಿಂಗ್ ಪಿನ್ ಖಾಲಿ ಚೇಂಬರ್‌ನಲ್ಲಿ ಹೊಡೆದು ಮುರಿಯುತ್ತದೆ, ಬದಲಿಗೆ ಬಿಡಿಭಾಗ ಸಿಗುವುದಿಲ್ಲ. ಮ್ಯಾಗಜಿನ್ ತೆಗೆಸಿ, ಚೇಂಬರ್ ತೋರಿಸಿಕೊಂಡು, ಸ್ಲೈಡ್ ತೆರೆದೇ ಇರುವಂತೆ ಬಣ್ಣದ ಚೇಂಬರ್ ಫ್ಲ್ಯಾಗ್ (ಚೇಂಬರ್ ಖಾಲಿ ಎಂದು ತೋರಿಸುವ ತುಂಡು) ಸಿಕ್ಕಿಸಿ ಮೇಜಿನ ಮೇಲಿಡಿಸಿ. ಮ್ಯಾಗಜಿನ್ ತೆಗೆದಾಕ್ಷಣ ಪಿಸ್ತೂಲು ಖಾಲಿಯೆಂದು ನಂಬಬೇಡಿ, ಇವುಗಳಲ್ಲಿ ಅನೇಕವು ಮ್ಯಾಗಜಿನ್ ಇಲ್ಲದೆಯೂ ಹಾರುತ್ತವೆ.

ಟ್ರಿಗರ್ ಒತ್ತಿದರೂ ಹಾರದಿದ್ದರೆ 30 ಸೆಕೆಂಡು ನಳಿಕೆ ಗುರಿಯ ಕಡೆಗೇ ಇರಲಿ, ಹಳೆಯ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. "ಟುಸ್" ಎಂದು ಕ್ಷೀಣ ಸದ್ದು ಬಂದರೆ ಆ ಲೇನನ್ನು ತಕ್ಷಣ ನಿಲ್ಲಿಸಿ. ಗುಂಡು ನಳಿಕೆಯಲ್ಲೇ ಸಿಕ್ಕಿರಬಹುದು, ಕಡ್ಡಿ ಹಾಕಿ ನೋಡುವವರೆಗೆ ಮುಂದಿನ ಗುಂಡಿಲ್ಲ. ಪಿಸ್ತೂಲು ಸಿಕ್ಕಿಕೊಂಡು ಕೆಟ್ಟ ಸುತ್ತನ್ನು ಮತ್ತೆ ಹಾರಿಸಲು ಎಣಿಕೆಯ ಸುತ್ತುಗಳಲ್ಲಿ ಒಟ್ಟು ಎರಡು ಅವಕಾಶ ಕೊಡುವುದು ನ್ಯಾಯ. ಒಂದೇ ಕೊಟ್ಟರೆ ಗೆಲುವು ಕೈಯದಾಗದೆ ಸ್ಪ್ರಿಂಗಿನದಾಗುತ್ತದೆ. ಮೂರನೆಯ ಸಲ ಸಿಕ್ಕಿಕೊಂಡರೆ ಹಾರಿದಷ್ಟಕ್ಕೇ ಅಂಕ.

ಟಾರ್ಗೆಟ್ ಹಿಂದೆ ಗಟ್ಟಿ ರಟ್ಟು ಅಂಟಿಸಿದ್ದರೆ ರಂಧ್ರದ ಅಂಚು ಹರಿಯದೆ ಅಂಕ ಎಣಿಸುವುದು ಸಲೀಸು. ಗೆರೆ ಮುಟ್ಟಿದರೆ ಮೇಲಿನ ಅಂಕ ಕೊಡುವ ಪದ್ಧತಿಯಲ್ಲಿ ದಪ್ಪ ಗುಂಡಿನವರಿಗೆ ಲಾಭ: .25ಕ್ಕೂ .455ಕ್ಕೂ ತ್ರಿಜ್ಯದಲ್ಲಿ ಎರಡೂವರೆ ಎಂಎಂ ವ್ಯತ್ಯಾಸವಿದೆ. ಅದಕ್ಕೇ ವಿಭಾಗಗಳನ್ನು ಒಟ್ಟಿಗೆ ಹೋಲಿಸಬೇಡಿ. ಒಟ್ಟಾರೆ ವಿಜೇತರು ಬೇಕೇ ಬೇಕು ಅನ್ನುವುದಾದರೆ ಮೂರೂ ವಿಭಾಗಕ್ಕೆ ಒಂದೇ ಅಳತೆಯ ಗೇಜ್ (ರಂಧ್ರಕ್ಕೆ ಸಿಕ್ಕಿಸಿ ಗೆರೆ ಮುಟ್ಟಿದೆಯೇ ನೋಡುವ ಸಾಧನ) ಬಳಸಿ. ಅಂಕ ಸಮವಾದರೆ ಕೊನೆಯ ವೇಗದ ಸುತ್ತಿನಲ್ಲಿ ಹೆಚ್ಚು ಹತ್ತು ಹೊಡೆದವರು ಮುಂದೆ. ಅದೂ ಸಮವಾದರೆ ಇಬ್ಬರಿಗೂ ಅದೇ ಸ್ಥಾನ ಕೊಟ್ಟುಬಿಡಿ, ಮರುಸುತ್ತಿಗೆ ಪಿಸ್ತೂಲುಗಳನ್ನು ಮತ್ತೆ ದಣಿಸುವುದು ಬೇಡ.